ಮನೆಯಲ್ಲಿ ಭುಜದ ವ್ಯಾಯಾಮ: ಯಾವ ಸಾಮಾನು ಕೊಳ್ಳಬೇಕು, ಯಾವುದು ಬೇಡ?

ಡೊಂಬಿವಲಿ ಅಕ್ಕ

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ, ಫೋರ್ಟ್‌ನಲ್ಲಿ ಕೆಲಸ. ಕೆಲವು ತಿಂಗಳಿಂದ ಎಡ ಭುಜ ಹಿಡಿದುಕೊಂಡುಬಿಟ್ಟಿದೆ. ಲೋಕಲ್‌ನಲ್ಲಿ ಮೇಲಿನ ಹಿಡಿಕೆಗೆ ಕೈ ಹೋಗುವುದಿಲ್ಲ. ಬ್ಲೌಸಿನ ಹುಕ್ಕು ಹಾಕಲು, ಜಡೆ ಹೆಣೆಯಲು ಮಗಳನ್ನು ಕರೆಯಬೇಕು. ರಾತ್ರಿ ಆ ಮಗ್ಗುಲಿಗೆ ಹೊರಳಿದರೆ ಎಚ್ಚರ ಆಗುತ್ತದೆ. ಎಕ್ಸ್‌ರೇ ಸರಿಯಾಗಿದೆ. ಡಾಕ್ಟರು ಫ್ರೋಜನ್ ಶೋಲ್ಡರ್ ಅಂದರು. ನನಗೆ ಸಕ್ಕರೆ ಕಾಯಿಲೆಯೂ ಇದೆ.

ಫಿಸಿಯೋ ಸೆಂಟರ್‌ನಲ್ಲಿ ಗೋಡೆಗೆ ಹಾಕಿದ ದೊಡ್ಡ ಚಕ್ರ, ಬೆರಳು ಹತ್ತಿಸುವ ಏಣಿ, ಪುಲ್ಲಿ ಎಲ್ಲ ಇವೆ. ಆದರೆ ಆಫೀಸು ಮುಗಿಸಿ ಡೊಂಬಿವಲಿ ಮುಟ್ಟುವ ಹೊತ್ತಿಗೆ ಅದು ಮುಚ್ಚಿರುತ್ತದೆ. ಮನೆಯವರು ಆ ಚಕ್ರವನ್ನೇ ಆನ್‌ಲೈನ್‌ನಲ್ಲಿ ತರಿಸೋಣ ಅಂತಿದ್ದಾರೆ. ಪುಣೆಯಲ್ಲಿರುವ ನನ್ನ ಭಾವನಿಗೆ ಭುಜದ ಆಪರೇಷನ್ ಆಗಿದೆ, ಅವರು ರಬ್ಬರ್ ಬ್ಯಾಂಡ್ ತೆಗೆದುಕೊ ಅಂತಾರೆ. ಯಾರ ಮಾತು ಕೇಳಲಿ? ಅನುಭವ ಇದ್ದವರು ದಯವಿಟ್ಟು ಹೇಳಿ.

ಮಾಟುಂಗದ ಮೇಷ್ಟ್ರು

ಚಕ್ರ ಬೇಡ. ಬಾಗಿಲಿಗೆ ಸಿಕ್ಕಿಸುವ ಪುಲ್ಲಿ ಸಾಕು. ಮರೀನ್ ಲೈನ್ಸ್ ಹತ್ತಿರ ಪ್ರಿನ್ಸೆಸ್ ಸ್ಟ್ರೀಟ್‌ಗೆ ಹೋಗಿ, ಸರ್ಜಿಕಲ್ ಸಾಮಾನಿನ ಅಂಗಡಿಗಳು ಸಾಲಾಗಿವೆ. ಫೋರ್ಟ್‌ನಿಂದ ನಿಮಗೆ ದೂರ ಇಲ್ಲ. ಕೆಲವು ನೂರು ರೂಪಾಯಿಯ ಸಾಮಾನು. ಕೈಯಲ್ಲಿ ಹಿಡಿದು ನೋಡಿ ತೆಗೆದುಕೊಳ್ಳಿ. ಹಗ್ಗ ಗಟ್ಟಿ ಇರಬೇಕು, ಗಾಲಿ ಸದ್ದಿಲ್ಲದೆ ತಿರುಗಬೇಕು. ಜೊತೆಗೆ ಬ್ಯಾಂಡೂ ಇರಲಿ, ಎಲ್ಲ ಥರದ ಭುಜನೋವಿಗೂ ಅದು ಒಳ್ಳೆಯದೇ.

ಥಾಣೆ ನಿವೃತ್ತ

ಚಕ್ರ ಬೇಡ ಅಂತ ಒಂದೇ ಮಾತಲ್ಲಿ ಹೇಳಬೇಡಿ. ನನ್ನ ಬಲ ಭುಜ ಹಿಡಿದಿದ್ದಾಗ ಸೆಂಟರ್‌ನ ಚಕ್ರದಿಂದ ತುಂಬಾ ಉಪಯೋಗ ಆಯಿತು. ಕೈಯನ್ನು ಪೂರ್ತಿ ಸುತ್ತಿಸುವ ಧೈರ್ಯ ಬಂದದ್ದೇ ಅದರಿಂದ.

ಕೋಥ್ರೂಡ್ ಫಿಸಿಯೋ

ಅಕ್ಕ, ನಾನು ಪುಣೆಯಲ್ಲಿ ಫಿಸಿಯೋಥೆರಪಿಸ್ಟ್. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಯಾಕೆಂದರೆ ಭುಜದ ವಿಷಯದಲ್ಲಿ ಜನ ಮೊದಲು ಸಾಮಾನು ಕೊಳ್ಳುತ್ತಾರೆ, ಆಮೇಲೆ ಕಾಯಿಲೆ ಏನು ಅಂತ ಕೇಳುತ್ತಾರೆ. ಅದು ತಿರುಗುಮುರುಗು ಆಗಬೇಕು.

ಭುಜದ ಕೀಲು ಅಂದರೆ ಚಪ್ಪಟೆ ತಟ್ಟೆಯ ಮೇಲೆ ಇಟ್ಟ ನಿಂಬೆಹಣ್ಣಿನ ಹಾಗೆ. ಸೊಂಟದ ಕೀಲಿನಲ್ಲಿರುವ ಆಳವಾದ ಗುಂಡಿ ಇಲ್ಲಿಲ್ಲ. ಅದಕ್ಕೇ ಕೈ ಎಲ್ಲ ದಿಕ್ಕಿಗೂ ತಿರುಗುತ್ತದೆ. ಆ ಗುಂಡನ್ನು ಜಾಗದಲ್ಲಿ ಹಿಡಿದಿಡುವುದು ಸುತ್ತಲಿನ ಚೀಲದಂಥ ಪೊರೆ ಮತ್ತು ರೋಟೇಟರ್ ಕಫ್ ಎನ್ನುವ ನಾಲ್ಕು ಸ್ನಾಯುಗಳು. ಪೊರೆ ದಪ್ಪವಾಗಿ ಕುಗ್ಗಿದರೆ ಭುಜ ಬಿಗಿಯಾಗುತ್ತದೆ. ಸ್ನಾಯು ಅಥವಾ ಅದನ್ನು ಮೂಳೆಗೆ ಕಟ್ಟುವ ತಂತು ಕೆಟ್ಟರೆ ಭುಜದ ಬಲ ಕುಂದುತ್ತದೆ. ಎರಡಕ್ಕೂ ಬೇಕಾದ ಸಾಮಾನು ಬೇರೆ ಬೇರೆ.

ಯಾವುದು ಅಂತ ಅಂದಾಜು ಮಾಡಲು ಒಂದು ಸುಲಭ ದಾರಿ ಇದೆ. ಅಂಗಾತ ಮಲಗಿ. ಮೊಣಕೈ ಮಡಚಿ ಪಕ್ಕೆಗೆ ಒತ್ತಿ ಇಟ್ಟುಕೊಳ್ಳಿ. ಮುಂಗೈಯನ್ನು ಹೊರಗಡೆಗೆ ತಿರುಗಿಸಿ, ಆಮೇಲೆ ಮನೆಯವರು ಮೆಲ್ಲಗೆ ತಿರುಗಿಸಲಿ. ಬೇರೆಯವರು ತಿರುಗಿಸಿದರೂ ಗೋಡೆಗೆ ತಾಗಿದ ಹಾಗೆ ನಿಂತರೆ ಅದು ಬಿಗಿತ. ಫ್ರೋಜನ್ ಶೋಲ್ಡರ್‌ನಲ್ಲಿ ಈ ಹೊರತಿರುವು ಬಹಳ ಬೇಗ ಕಡಿಮೆಯಾಗುತ್ತದೆ. ನೀವು ಎತ್ತಿದರೆ ಬರುವುದಿಲ್ಲ, ಬೇರೆಯವರು ಎತ್ತಿದರೆ ಆರಾಮವಾಗಿ ಬರುತ್ತದೆ ಅನ್ನುವ ಹಾಗಿದ್ದರೆ ಕಫ್ ಕಡೆ ಅನುಮಾನ ಹೋಗಬೇಕು. ಕೊನೆಯ ಮಾತು ಡಾಕ್ಟರದ್ದೇ. ಎಕ್ಸ್‌ರೇ ತೆಗೆಸಿದ್ದು ಒಳ್ಳೆಯದಾಯಿತು. ಕೀಲು ಸವೆದಾಗಲೂ ಇದೇ ಥರ ಬಿಗಿಯುತ್ತದೆ, ಎಕ್ಸ್‌ರೇ ಅದನ್ನು ಹೊರಗಿಡುತ್ತದೆ.

ಫ್ರೋಜನ್ ಶೋಲ್ಡರ್ ಹೆಚ್ಚಾಗಿ 40ರಿಂದ 60ರ ವಯಸ್ಸಿನಲ್ಲಿ ಬರುತ್ತದೆ. ಹೆಂಗಸರಲ್ಲಿ ಜಾಸ್ತಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಇದ್ದವರಲ್ಲಿ ಇನ್ನೂ ಜಾಸ್ತಿ. ಮೊದಲು ನೋವು ಏರುವ ಹಂತ, ಆಮೇಲೆ ನೋವು ಇಳಿದು ಬಿಗಿತ ಉಳಿಯುವ ಹಂತ, ಕೊನೆಗೆ ಮೆಲ್ಲಗೆ ಸಡಿಲವಾಗುವ ಹಂತ. ಒಟ್ಟು ಒಂದರಿಂದ ಮೂರು ವರ್ಷ ಹಿಡಿಯಬಹುದು. ಹೆದರಿಸಲು ಹೇಳುತ್ತಿಲ್ಲ. ಒಂದು ವಾರದಲ್ಲಿ ಬಿಡಿಸುತ್ತೇವೆ ಎನ್ನುವ ಜಾಹೀರಾತಿಗೆ ದುಡ್ಡು ಸುರಿಯಬಾರದು ಅಂತ ಹೇಳುತ್ತಿದ್ದೇನೆ.

ನಿಮಗೆ ರಾತ್ರಿ ಎಚ್ಚರ ಆಗುತ್ತದೆ ಅಂದರೆ ಇನ್ನೂ ನೋವಿನ ಹಂತವೇ. ಈಗ ಬ್ಯಾಂಡ್ ಬೇಡ. ಮೇಷ್ಟ್ರೇ, ಕ್ಷಮಿಸಿ, ಈ ಒಂದು ಮಾತಿಗೆ ಒಪ್ಪಲಾರೆ. ಉರಿಯುತ್ತಿರುವ ಪೊರೆಗೆ ಬಲದ ವ್ಯಾಯಾಮ ಕೊಟ್ಟರೆ ನೋವು ಏರುತ್ತದೆ. ಈಗ ಬೇಕಾದದ್ದು ಇಷ್ಟೇ: ಒಂದು ಕೋಲು, ಒಂದು ಪುಲ್ಲಿ, ಬಿಸಿನೀರಿನ ಚೀಲ.

ಮೊದಲು ಚೀಲವನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಭುಜದ ಮೇಲೆ ಇಡಿ. ಆಮೇಲೆ ಮುಂದಕ್ಕೆ ಬಾಗಿ, ಒಳ್ಳೆಯ ಕೈಯನ್ನು ಮೇಜಿನ ಮೇಲೆ ಊರಿ, ನೋವಿನ ಕೈಯನ್ನು ಸುಮ್ನೆ ಜೋತುಬಿಡಿ. ಮೈಯನ್ನು ತೂಗಿದರೆ ಕೈ ತಾನಾಗಿ ತೂಗುತ್ತದೆ. ಬಾಸ್ಟನ್ನಿನ ಸರ್ಜನ್ ಕಾಡ್‌ಮನ್ ಅವರ ಹೆಸರಿನಲ್ಲಿ ಈ ವ್ಯಾಯಾಮ ಇವತ್ತಿಗೂ ನಡೆಯುತ್ತಿದೆ. ಇದಕ್ಕೆ ಯಾವ ಸಾಮಾನೂ ಬೇಡ.

ಕೋಲಿಗೆ ಮಾಪ್‌ನ ಹಿಡಿಯೇ ಆಗುತ್ತದೆ. ಮಲಗಿ ಎರಡೂ ಕೈಯಲ್ಲಿ ಹಿಡಿದು, ಒಳ್ಳೆಯ ಕೈಯಿಂದ ನೋವಿನ ಕೈಯನ್ನು ತಲೆಯ ಕಡೆಗೆ ಎತ್ತಿಸಿ. ನಂತರ ಮೊಣಕೈಯನ್ನು ಪಕ್ಕೆಗೆ ಇಟ್ಟು ಅದೇ ಕೋಲಿನಿಂದ ಮುಂಗೈಯನ್ನು ಹೊರಗೆ ತಳ್ಳಿ. ಈ ಎರಡನೆಯದನ್ನು ಜನ ಬಿಟ್ಟುಬಿಡುತ್ತಾರೆ. ನನ್ನ ಪ್ರಕಾರ ಮುಖ್ಯವಾದದ್ದೇ ಅದು. ಪುಲ್ಲಿ ಕೈಯನ್ನು ಮೇಲಕ್ಕೆ ಎಳೆಯುತ್ತದೆ ಅಷ್ಟೇ, ಹೊರತಿರುವನ್ನು ಕೊಡುವುದಿಲ್ಲ.

ನಿವೃತ್ತರು ಹೇಳಿದ್ದೂ ಸುಳ್ಳಲ್ಲ. ಚಕ್ರ ಕೆಲಸ ಮಾಡುತ್ತದೆ, ಪಕ್ಕದಲ್ಲಿ ನೋಡುವವರು ಇದ್ದರೆ. ಅದರ ಅಚ್ಚು ನಿಮ್ಮ ಭುಜದ ಎತ್ತರಕ್ಕೇ ಬರಬೇಕು. ಇಲ್ಲದಿದ್ದರೆ ಮೈ ಬಗ್ಗಿಸಿ, ಭುಜವನ್ನು ಕಿವಿಯ ಕಡೆಗೆ ಎತ್ತಿ ಸುತ್ತುತ್ತೇವೆ. ಕೈ ಸುತ್ತಿದ ಹಾಗೆ ಕಾಣುತ್ತದೆ, ಕೀಲು ಮಾತ್ರ ಅಲ್ಲೇ ಇರುತ್ತದೆ. ಮನೆಯಲ್ಲಿ ಅದನ್ನು ತಿದ್ದುವವರು ಯಾರು? ಬಾಡಿಗೆ ಮನೆಯಾದರೆ ಗೋಡೆಗೆ ಬೋಲ್ಟ್ ಹೊಡೆಯಲು ಮಾಲೀಕರೂ ಬಿಡುವುದಿಲ್ಲ. ಬೆರಳಿನ ಏಣಿಯನ್ನಂತೂ ಕೊಳ್ಳಲೇಬೇಡಿ. ಗೋಡೆಯ ಮೇಲೆ ಬೆರಳುಗಳನ್ನು ನಡೆಸಿ, ಮುಟ್ಟಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಕೆಲಸ ಒಂದೇ.

ನೋವಿಗೆ ಒಂದು ಲೆಕ್ಕ ಇಟ್ಟುಕೊಳ್ಳಿ. ಮಾಡುವಾಗ ಎಳೆದ ಹಾಗೆ ಆಗಿ ಸ್ವಲ್ಪ ಹೊತ್ತಿಗೆ ಇಳಿದರೆ ಪರವಾಗಿಲ್ಲ. ಮರುದಿನವೂ ಉಳಿದರೆ ಅಥವಾ ರಾತ್ರಿ ನಿದ್ದೆ ಇನ್ನೂ ಕೆಟ್ಟರೆ ನೀವು ಮಾಡಿದ್ದು ಜಾಸ್ತಿ. ಒಂದೇ ಸಲ ಅರ್ಧ ಗಂಟೆ ಎಳೆಯುವ ಬದಲು ದಿನಕ್ಕೆ ಮೂರ್ನಾಲ್ಕು ಸಲ ಐದೈದು ನಿಮಿಷ ಮಾಡಿ.

ಡೊಂಬಿವಲಿ ಅಕ್ಕ

ತುಂಬಾ ಧನ್ಯವಾದ. ನೀವು ಹೇಳಿದ ಹಾಗೆ ಮಲಗಿ ನೋಡಿದೆವು. ಮಗಳು ತಿರುಗಿಸಿದರೂ ಕೈ ಹೊರಗೆ ಹೋಗಲಿಲ್ಲ. ಡಾಕ್ಟರು ಇಂಜೆಕ್ಷನ್ ಬಗ್ಗೆಯೂ ಹೇಳಿದ್ದರು. ಸಕ್ಕರೆ ಇದ್ದವರು ತೆಗೆದುಕೊಳ್ಳಬಹುದಾ? ಭಾವನಿಗೆ ಬ್ಯಾಂಡ್ ಸರಿ, ನನಗೆ ಯಾಕೆ ಅಲ್ಲ ಅಂತ ಅವರಿಗೂ ಹೇಳಬೇಕು.

ಕೋಥ್ರೂಡ್ ಫಿಸಿಯೋ

ಕೀಲಿನೊಳಗೆ ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್ ನೋವಿನ ಹಂತದಲ್ಲಿ ನಿಜವಾಗಿ ಸಹಾಯ ಮಾಡುತ್ತದೆ. ನೋವು ಇಳಿದ ಆ ವಾರಗಳಲ್ಲಿ ಕೋಲು, ಪುಲ್ಲಿಯ ಕೆಲಸ ಚೆನ್ನಾಗಿ ಸಾಗುತ್ತದೆ. ಆದರೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ನಿಮ್ಮ ಸಕ್ಕರೆಯ ಡಾಕ್ಟರಿಗೆ ಮೊದಲೇ ಹೇಳಿ, ಮನೆಯಲ್ಲಿ ದಿನವೂ ಪರೀಕ್ಷಿಸಿಕೊಳ್ಳಿ.

ಭಾವನ ಕಥೆ ಬೇರೆ. ಅವರದ್ದು ಹರಿದ ತಂತುವನ್ನು ಹೊಲಿದ ಆಪರೇಷನ್ ಇರಬೇಕು. ತಂತು ಮೂಳೆಗೆ ಮತ್ತೆ ಅಂಟಲು ತಿಂಗಳುಗಳು ಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಕೈಗೆ ಜೋಳಿಗೆ, ಬಲದ ವ್ಯಾಯಾಮ ಸುಮಾರು 12 ವಾರದ ನಂತರ. ಸರ್ಜನ್‌ನಿಂದ ಸರ್ಜನ್‌ಗೆ ಇದು ಬದಲಾಗುತ್ತದೆ. ನಿಮಗೆ ಈಗ ಒಳ್ಳೆಯದಾದ ಪುಲ್ಲಿ ಅವರಿಗೆ ಮೊದಲ ವಾರಗಳಲ್ಲಿ ಕೆಟ್ಟದ್ದಾಗಬಹುದು. ಗೊತ್ತಿಲ್ಲದೆ ಆ ಕೈಯಿಂದಲೂ ಎಳೆದುಬಿಡುತ್ತಾರೆ, ಹೊಲಿಗೆಯ ಮೇಲೆ ಭಾರ ಬೀಳುತ್ತದೆ. ಅವರ ಸರ್ಜನ್ ಹೇಳಿದ್ದನ್ನು ಬಿಟ್ಟು ಬೇರೆ ಏನೂ ಬೇಡ.

ಮಾಟುಂಗದ ಮೇಷ್ಟ್ರು

ಬ್ಯಾಂಡಿನ ಬಗ್ಗೆ ತಿಳಿಸಿದ್ದಕ್ಕೆ ಸಂತೋಷ. ಆಪರೇಷನ್ ಅಂದ ಕೂಡಲೇ ಹೆದರುವವರಿಗೆ ನಮ್ಮ ಅನಿಲ್ ಕುಂಬ್ಳೆ ಅವರ ನೆನಪು ಮಾಡುತ್ತೇನೆ. ಭುಜದ ಆಪರೇಷನ್‌ನಿಂದಾಗಿ 2001ರಲ್ಲಿ ಆಸ್ಟ್ರೇಲಿಯಾ ಇಲ್ಲಿಗೆ ಬಂದಾಗ ಅವರು ಆಡಲಿಲ್ಲ. ಲೆಗ್ ಸ್ಪಿನ್ನರ್‌ಗೆ ಭುಜವೇ ಎಲ್ಲ, ಅಲ್ವಾ? ಆದರೂ ಮರಳಿ ಬಂದು 2008ರವರೆಗೆ ಆಡಿದರು, ಟೆಸ್ಟ್‌ನಲ್ಲಿ 619 ವಿಕೆಟ್‌ಗೆ ನಿಲ್ಲಿಸಿದರು.

ಕುರ್ಲಾ ಅಡುಗೆಮನೆ

ಸಾರ್, ನಾನು ಹೋಟೆಲ್‌ನಲ್ಲಿ ದೋಸೆ ಕಾವಲಿ ನೋಡುವವನು. ಬಲ ಭುಜ. ಕೈ ಪೂರ್ತಿ ಮೇಲೆ ಹೋಗುತ್ತದೆ, ಆದರೆ ಪಕ್ಕದಿಂದ ಎತ್ತುವಾಗ ಮಧ್ಯದಲ್ಲಿ ಚಳುಕು. ಮೇಲೆ ಹೋದ ಮೇಲೆ ನೋವಿಲ್ಲ. ಹಿಟ್ಟಿನ ಪಾತ್ರೆಯನ್ನು ಮೇಲಿನ ಕಟ್ಟೆಗೆ ಇಡುವಾಗ ಜೋರಾಗುತ್ತದೆ. ಎಂಆರ್‌ಐ ಆಗಿದೆ. ತಂತು ಊದಿದೆ, ಹರಿದಿಲ್ಲ ಅಂದಿದ್ದಾರೆ. ನನಗೆ ಡಂಬೆಲ್ ಒಳ್ಳೆಯದಾ?

ಕೋಥ್ರೂಡ್ ಫಿಸಿಯೋ

ನಿಮ್ಮಂಥವರಿಗೇ ಬ್ಯಾಂಡ್ ಇರುವುದು. ಕೈ ಪಕ್ಕದಿಂದ ಏಳುವಾಗ ಸುಮಾರು 60ರಿಂದ 120 ಡಿಗ್ರಿಯ ನಡುವೆ ಚಳುಕು ಬಂದರೆ ಕಫ್‌ನ ತಂತು ನೋಯುತ್ತಿದೆ ಅಂತ ಅರ್ಥ ಮಾಡಿಕೊಳ್ಳುತ್ತೇವೆ.

ಟವೆಲ್ ಸುರುಳಿ ಸುತ್ತಿ ಮೊಣಕೈ ಮತ್ತು ಪಕ್ಕೆಯ ನಡುವೆ ಇಡಿ. ಬ್ಯಾಂಡಿನ ಒಂದು ತುದಿ ಬಾಗಿಲಿಗೆ, ಇನ್ನೊಂದು ಕೈಯಲ್ಲಿ. ಮೊಣಕೈ 90 ಡಿಗ್ರಿ. ಮುಂಗೈಯನ್ನು ಹೊರಗೆ ತಿರುಗಿಸಿ, ಮೆಲ್ಲಗೆ ಮರಳಿ ತನ್ನಿ. ಟವೆಲ್ ಬಿದ್ದರೆ ಮಾಡುವ ರೀತಿ ತಪ್ಪಿದೆ. ಆಮೇಲೆ ತಿರುಗಿ ನಿಂತು ಒಳಗೆ ಎಳೆಯಿರಿ. ಮೂರನೆಯದು, ದೋಣಿಯ ಹುಟ್ಟು ಎಳೆದ ಹಾಗೆ ಎರಡೂ ಕೈಯಿಂದ ಹಿಂದಕ್ಕೆ ಎಳೆದು ಬೆನ್ನಿನ ರೆಕ್ಕೆ ಮೂಳೆಗಳನ್ನು ಹತ್ತಿರ ತರುವುದು. ರೆಕ್ಕೆ ಮೂಳೆ ಸರಿಯಾಗಿ ತಿರುಗದಿದ್ದರೆ ಕಫ್ ಎಷ್ಟು ಗಟ್ಟಿಯಾದರೂ ಚಳುಕು ಹೋಗುವುದಿಲ್ಲ. ಅದಕ್ಕೆ ಗೋಡೆಗೆ ಕೈಯೂರಿ ಮಾಡುವ ಪುಷ್‌ಅಪ್ ಸೇರಿಸಿ, ಕೊನೆಯಲ್ಲಿ ಇನ್ನೊಂದು ಇಂಚು ಮುಂದಕ್ಕೆ ತಳ್ಳಿ.

ಬಣ್ಣದ ಲೆಕ್ಕ ಹೇಳುತ್ತೇನೆ. ಥೆರಾಬ್ಯಾಂಡ್ ಕಂಪನಿಯದ್ದನ್ನು ಎರಡು ಪಟ್ಟು ಉದ್ದಕ್ಕೆ ಎಳೆದಾಗ ಹಳದಿಯಲ್ಲಿ ಸುಮಾರು 1.3 ಕೆಜಿ ಬಲ ಬೇಕು, ಕೆಂಪಿಗೆ 1.7, ಹಸಿರಿಗೆ 2.1, ನೀಲಿಗೆ 2.6, ಕಪ್ಪಿಗೆ 3.3. ಅಂದರೆ ಕಪ್ಪಿನವರೆಗೆ ಪ್ರತಿ ಬಣ್ಣಕ್ಕೂ ಕಾಲು ಭಾಗದಷ್ಟು ಏರಿಕೆ. ಬೇರೆ ಕಂಪನಿಗಳ ಬಣ್ಣ ಈ ಲೆಕ್ಕಕ್ಕೆ ಕೂಡುವುದಿಲ್ಲ. ಒಂದರ ಹಸಿರು ಇನ್ನೊಂದರ ಕೆಂಪಿನಷ್ಟೇ ಇರಬಹುದು. ಅದಕ್ಕೆ ಒಂದೇ ಕಂಪನಿಯದ್ದನ್ನು ಕೊನೆಯವರೆಗೂ ಬಳಸಿ. ಹಳದಿ ಅಥವಾ ಕೆಂಪಿನಿಂದ ಶುರು ಮಾಡಿ. 15 ಸಲ ಸಲೀಸಾಗಿ, ಭುಜ ಕಿವಿಗೆ ಏರದೆ ಬಂದರೆ ಮುಂದಿನ ಬಣ್ಣ.

ಡಂಬೆಲ್ ಆಮೇಲೆ, ಅರ್ಧ ಕೆಜಿಯಿಂದ. ಎತ್ತುವಾಗ ಹೆಬ್ಬೆರಳು ಮೇಲೆ ಇರಲಿ. ಹೆಬ್ಬೆರಳು ಕೆಳಗೆ ಮಾಡಿ ಎತ್ತುವುದನ್ನು ಹಳೆಯ ವಿಡಿಯೋಗಳಲ್ಲಿ ತೋರಿಸುತ್ತಾರೆ, ಅದು ನಿಮಗೆ ಬೇಡ. ಅರ್ಧ ಲೀಟರ್ ನೀರಿನ ಬಾಟಲಿಯೂ ಅರ್ಧ ಕೆಜಿಯೇ, ಬೇರೆ ದುಡ್ಡು ಯಾಕೆ? ಹಿಟ್ಟಿನ ಪಾತ್ರೆಯನ್ನು ಸೊಂಟದ ಎತ್ತರದಲ್ಲಿ ಇಡಲು ಮಾಲೀಕರನ್ನು ಕೇಳಿ. ದಿನಕ್ಕೆ ಹತ್ತಾರು ಸಲ ಭಾರವನ್ನು ತಲೆಯ ಮೇಲಕ್ಕೆ ಎತ್ತುತ್ತಿದ್ದರೆ ಸಂಜೆಯ ಬ್ಯಾಂಡ್ ಅದನ್ನು ಸರಿದೂಗಿಸಲಾರದು.

ವಾಸ್ಕೊ ವೆಲ್ಡರ್

ನಮಸ್ಕಾರ ರೀ. ನಂದು ಗೋವಾ, ಊರು ಬಾಗಲಕೋಟೆ ಕಡೆ. ವಯಸ್ಸು 24. ಸೈಟಿನಲ್ಲಿ ಜಾರಿ ಬಿದ್ದು ಭುಜ ಕಳಚಿತ್ತು, ಕೂಡಿಸಿ ಪಟ್ಟಿ ಹಾಕಿದ್ದರು. ಪಟ್ಟಿ ಬಿಚ್ಚಿ ಕೆಲವು ವಾರ ಆಯಿತು. ಜಿಮ್ಮಿಗೆ ಹೋಗಿ ಎದೆ, ಭುಜ ಜೋರು ಮಾಡು, ಮತ್ತೆ ಕಳಚೋದಿಲ್ಲ ಅಂತ ಗೆಳೆಯರು ಹೇಳ್ತಾರೆ. ಹೋಗಲಾ?

ಕೋಥ್ರೂಡ್ ಫಿಸಿಯೋ

ತಮ್ಮಾ, ಬಲ ಬೇಕು ಅನ್ನುವುದು ನಿಜ. ಆದರೆ ಜಿಮ್ಮಿನ ಮೊದಲ ದಿನವೇ ಬೆಂಚ್ ಪ್ರೆಸ್ ಬೇಡ. ಕಳಚುವ ಭುಜಗಳಲ್ಲಿ ಬಹುಪಾಲು ಮುಂದಕ್ಕೆ ಕಳಚುತ್ತವೆ. ಕೈ ಪಕ್ಕಕ್ಕೆ ಎತ್ತಿ ಹಿಂದಕ್ಕೆ ತಿರುಗಿದಾಗ, ಅಂದರೆ ಕಲ್ಲು ಎಸೆಯಲು ಸಜ್ಜಾದ ಭಂಗಿಯಲ್ಲಿ, ಅಪಾಯ ಹೆಚ್ಚು. ಕತ್ತಿನ ಹಿಂದಕ್ಕೆ ಸರಳು ಎಳೆಯುವ ಯಂತ್ರ, ಎದೆಯವರೆಗೆ ಆಳಕ್ಕೆ ಇಳಿಸುವ ಬೆಂಚ್ ಪ್ರೆಸ್, ಪಾರಲಲ್ ಬಾರಿನ ಡಿಪ್ಸ್ ಎಲ್ಲವೂ ಭುಜವನ್ನು ಆ ಕಡೆಗೇ ನೂಕುತ್ತವೆ. ಪುಲ್ಲಿಯೂ ನಿನಗೆ ಬೇಡ. ನಿನ್ನ ಭುಜಕ್ಕೆ ಬೇಕಾದದ್ದು ಸಡಿಲಿಕೆ ಅಲ್ಲ, ಹಿಡಿತ.

ಗೋಡೆಗೆ ಮುಷ್ಟಿ ಒತ್ತಿ ಹಿಡಿಯುವುದರಿಂದ ಶುರು ಮಾಡು: ಮುಂದಕ್ಕೆ, ಪಕ್ಕಕ್ಕೆ, ಹೊರಗಡೆಗೆ. ಕೈ ಅಲುಗಬಾರದು, ಸ್ನಾಯು ಮಾತ್ರ ಬಿಗಿಯಬೇಕು. ಆಮೇಲೆ ಮೊಣಕೈ ಪಕ್ಕೆಗಿಟ್ಟು ಬ್ಯಾಂಡ್. ನಂತರ ಒಂದು ಫುಟ್‌ಬಾಲನ್ನು ಅಂಗೈಯಿಂದ ಗೋಡೆಗೆ ಒತ್ತಿ ಸಣ್ಣ ಸಣ್ಣ ಸುತ್ತು ಹಾಕುವುದು. ಭುಜಕ್ಕೆ ತಾನು ಎಲ್ಲಿದ್ದೇನೆ ಅನ್ನುವ ಅರಿವು ಮರಳುವುದು ಈ ಥರದ ಕೆಲಸದಿಂದ. ತೂಕ ಎತ್ತುವುದು ಕೊನೆಗೆ.

ಇನ್ನೊಂದು ಮುಖ್ಯ ವಿಷಯ. ಇಷ್ಟು ಚಿಕ್ಕ ವಯಸ್ಸಿನಲ್ಲಿ ಮೊದಲ ಸಲ ಕಳಚಿದರೆ ಮತ್ತೆ ಕಳಚುವ ಸಾಧ್ಯತೆ ಹೆಚ್ಚು. ಬಾಂಬೋಳಿಯ ಗೋವಾ ಮೆಡಿಕಲ್ ಕಾಲೇಜಿನ ಮೂಳೆ ವಿಭಾಗಕ್ಕೆ ಒಮ್ಮೆ ತೋರಿಸು. ಭುಜದ ಗುಂಡು ಕೂರುವ ತಟ್ಟೆಯ ಅಂಚು ಹರಿದಿದೆಯೋ ಇಲ್ಲವೋ ನೋಡಬೇಕು. ಅಲ್ಲಿಯವರೆಗೆ ಎತ್ತರದಲ್ಲಿ ನಿಂತು, ಕೈ ತಲೆಯ ಮೇಲೆ ಮಾಡಿ ವೆಲ್ಡಿಂಗ್ ಬೇಡ. ಅಲ್ಲಿ ಕಳಚಿದರೆ ಬರೀ ಭುಜದ ಮಾತಾಗಿ ಉಳಿಯುವುದಿಲ್ಲ.

ವಾಸ್ಕೊ ವೆಲ್ಡರ್

ಆಯಿತು ರೀ. ಜಿಮ್ಮಿನ ದುಡ್ಡು ಇನ್ನೂ ಕಟ್ಟಿಲ್ಲ. ಈ ವಾರ ಬಾಂಬೋಳಿಗೆ ಹೋಗಿ ಬರ್ತೀನಿ.

ಸದಾಶಿವ ಪೇಟೆ ತಾಲೀಮು

ಒಂದು ಮಾತು ಸೇರಿಸುತ್ತೇನೆ. ನಮ್ಮ ಕಡೆಯ ಗರಡಿಮನೆಯಲ್ಲಿ, ಇಲ್ಲಿನ ತಾಲೀಮಿನಲ್ಲಿ ಮುದ್ಗಲ, ಅಂದರೆ ಗದೆಯಂಥ ಮರದ ಸಾಧನ, ತಿರುಗಿಸುತ್ತೇವೆ. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಇದನ್ನು ಇಲ್ಲಿ ನೋಡಿ ಕಲಿತು ಯುರೋಪಿಗೆ ಒಯ್ದರು. 1904 ಮತ್ತು 1932ರ ಒಲಿಂಪಿಕ್ಸ್‌ನಲ್ಲಿ ಇದರ ಸ್ಪರ್ಧೆಯೂ ಇತ್ತು. ಭುಜಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನನಗೆ ಕಂಡಿಲ್ಲ. ಎಲ್ಲರೂ ರಬ್ಬರಿನ ಬಗ್ಗೆಯೇ ಮಾತಾಡುತ್ತೀರಲ್ಲ!

ಕೋಥ್ರೂಡ್ ಫಿಸಿಯೋ

ನೀವು ಹೇಳಿದ್ದು ಖುಷಿಯಾಯಿತು. ಮುದ್ಗಲದಲ್ಲಿ ಕಫ್, ರೆಕ್ಕೆ ಮೂಳೆ, ಬೆನ್ನು, ಮಣಿಕಟ್ಟು ಎಲ್ಲವೂ ಒಟ್ಟಿಗೆ ದುಡಿಯುತ್ತವೆ. ಬ್ಯಾಂಡ್ ಅದನ್ನು ಕೊಡಲಾರದು. ಆದರೆ ಅದು ಕೊನೆಯ ಹಂತದ ಸಾಧನ. ನೋವಿಲ್ಲದೆ ಕೈ ಪೂರ್ತಿ ಏರಬೇಕು, ಎರಡೂ ಭುಜದ ಬಲ ಹೆಚ್ಚುಕಡಿಮೆ ಸಮ ಇರಬೇಕು. ಆಮೇಲೆ ಅರ್ಧ ಕೆಜಿಯ ಸಣ್ಣ ಮರದ ಜೋಡಿಯಿಂದ, ಗೊತ್ತಿದ್ದವರ ಎದುರಿಗೇ ಶುರು ಮಾಡಬೇಕು. ತುದಿಯಲ್ಲಿ ಭಾರ ಇರುವುದರಿಂದ ಅರ್ಧ ಕೆಜಿಯೇ ಸಾಕಷ್ಟು ಎಳೆಯುತ್ತದೆ. ವೆಲ್ಡರ್ ತಮ್ಮ ಸದ್ಯಕ್ಕೆ ಇದನ್ನು ಮುಟ್ಟಬಾರದು. ಕುರ್ಲಾದವರು ಮುಂದೊಂದು ದಿನ ಖಂಡಿತ ಕಲಿಯಬಹುದು.

ಯಾರೂ ವ್ಯಾಯಾಮಕ್ಕೆ ಇಳಿಯುವ ಮುಂಚೆ ಇದನ್ನೂ ಓದಿ. ಭುಜನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರು ಕಟ್ಟುವುದು ಇದ್ದರೆ ನೇರ ಆಸ್ಪತ್ರೆಗೆ ಹೋಗಿ, ಅದು ಹೃದಯದ್ದಿರಬಹುದು. ಸಕ್ಕರೆ ಇದ್ದವರಲ್ಲಿ ಎದೆನೋವು ಇಲ್ಲದೆಯೂ ಹೃದಯಾಘಾತ ಆಗಬಹುದು. ಬಿದ್ದ ಮೇಲೆ ಕೈ ಏಳದಿದ್ದರೆ ತಡ ಮಾಡಬೇಡಿ. ಮೊಣಕೈಯಿಂದ ಕೆಳಗೆ ಜುಮ್ಮೆನ್ನುತ್ತಿದ್ದರೆ ಕತ್ತನ್ನು ತೋರಿಸಿ. ಜ್ವರ ಬಂದು ಭುಜ ಊದಿದರೆ ಅದೇ ದಿನ ಡಾಕ್ಟರ್.

ಥಾಣೆ ನಿವೃತ್ತ

ದುಡ್ಡಿನ ಚಿಂತೆ ಇದ್ದವರಿಗೆ: ಮುಂಬೈಯಲ್ಲಿ ಹಾಜಿ ಅಲಿ ಹತ್ತಿರ ಕೇಂದ್ರ ಸರ್ಕಾರದ ಪುನರ್ವಸತಿ ಸಂಸ್ಥೆ ಇದೆ. ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲೂ ಫಿಸಿಯೋಥೆರಪಿ ವಿಭಾಗ ಇದೆ. ಸಾಲು ಉದ್ದ ಇರುತ್ತದೆ, ಬೆಳಿಗ್ಗೆ ಬೇಗ ಹೋಗಿ. ಒಂದೆರಡು ಸಲ ಹೋಗಿ ಸರಿಯಾಗಿ ಕಲಿತು ಬಂದರೆ ಉಳಿದದ್ದನ್ನು ಮನೆಯಲ್ಲಿ ಮಾಡಬಹುದು.

ಡೊಂಬಿವಲಿ ಅಕ್ಕ

ಪುಲ್ಲಿ ತಂದೆ. ಬಾಗಿಲಿನ ಯಾವ ಬದಿಗೆ ಕೂರಬೇಕು? ಲೋಕಲ್‌ನಲ್ಲಿ ಏನು ಮಾಡಲಿ?

ಕೋಥ್ರೂಡ್ ಫಿಸಿಯೋ

ಬಾಗಿಲನ್ನು ತಳ್ಳಿ ತೆರೆಯುವ ಬದಿಗೆ ಕೂರಿ. ಆಗ ನೀವು ಎಳೆದಷ್ಟೂ ಬಾಗಿಲು ಚೌಕಟ್ಟಿಗೆ ಒತ್ತುತ್ತದೆ. ಇನ್ನೊಂದು ಬದಿಗೆ ಕೂತರೆ ಚಿಲಕ ಜಾರಿದಾಗ ಬಾಗಿಲು ಮೈಮೇಲೆ ಬರುತ್ತದೆ. ಚಿಲಕ ಹಾಕಿಯೇ ಮಾಡಿ, ಮನೆಯವರಿಗೆ ಹೇಳಿ. ಬಾಗಿಲಿಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂತರೆ ಮೈ ಬಗ್ಗುವುದು ಕಡಿಮೆಯಾಗುತ್ತದೆ. ಒಳ್ಳೆಯ ಕೈ ಕೆಳಗೆ ಎಳೆಯಬೇಕು, ನೋವಿನ ಕೈ ಸಡಿಲವಾಗಿ ಮೇಲೆ ಹೋಗಬೇಕು.

ಲೋಕಲ್‌ನಲ್ಲಿ ಎಡಗೈಯಿಂದ ಏನನ್ನೂ ಹಿಡಿಯಬೇಡಿ. ಬಲಗೈಯಿಂದ ಕಂಬ ಹಿಡಿದು, ಎಡ ಭುಜವನ್ನು ಗೋಡೆಯ ಕಡೆ ಮಾಡಿ ನಿಲ್ಲಿ. ಬ್ರೇಕಿನ ಒಂದು ಜಗ್ಗು ವಾರದ ಕೆಲಸವನ್ನು ಕೆಡಿಸುತ್ತದೆ. ಬಟ್ಟೆ ಹಾಕುವಾಗ ನೋವಿನ ಕೈ ಮೊದಲು, ತೆಗೆಯುವಾಗ ಕೊನೆಗೆ. ರಾತ್ರಿ ಅಂಗಾತ ಮಲಗಿ ಮೊಣಕೈ ಕೆಳಗೆ ಸಣ್ಣ ದಿಂಬು ಇಡಿ.

ಕುರ್ಲಾ ಅಡುಗೆಮನೆ

ಸಾರ್, ನಾನು ಕೆಂಪು ಬ್ಯಾಂಡ್ ತಂದೆ. ಮಳೆಗಾಲದಲ್ಲಿ ನಮ್ಮ ರೂಮಿನಲ್ಲಿ ಎಲ್ಲವೂ ಅಂಟಂಟು. ಹೋದ ವರ್ಷ ಗೆಳೆಯನ ಬ್ಯಾಂಡ್ ಮುಖಕ್ಕೇ ಕಿತ್ತು ಬಂದಿತ್ತು.

ಕೋಥ್ರೂಡ್ ಫಿಸಿಯೋ

ಬಳಸಿದ ಮೇಲೆ ಒರೆಸಿ, ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಬಿಸಿಲು ತಾಗದ ಡಬ್ಬಿಯಲ್ಲಿಡಿ. ಒಲೆಯ ಹತ್ತಿರ ಬೇಡ. ಪ್ರತಿ ಸಲ ಶುರು ಮಾಡುವ ಮುಂಚೆ ಬೆಳಕಿಗೆ ಹಿಡಿದು ನೋಡಿ. ಸಣ್ಣ ಸೀಳು ಕಂಡರೂ ಬಿಸಾಡಿ. ಉಂಗುರ, ಕಡಗ ತೆಗೆದಿಡಿ. ರಬ್ಬರಿಗೆ ಚರ್ಮ ಕೆರೆತ ಬಂದರೆ ಲ್ಯಾಟೆಕ್ಸ್ ಇಲ್ಲದ ಬ್ಯಾಂಡ್ ಕೇಳಿ, ಅಂಗಡಿಗಳಲ್ಲಿ ಸಿಗುತ್ತದೆ. ಮತ್ತೆ, ಬ್ಯಾಂಡನ್ನು ಕಿಟಕಿಯ ಸರಳಿಗೆ ಕಟ್ಟಬೇಡಿ. ತುಕ್ಕು ಹಿಡಿದ ಅಂಚು ಅದನ್ನು ಕೊಯ್ಯುತ್ತದೆ. ಬಟ್ಟೆಯ ಪಟ್ಟಿಗೆ ಗಂಟು ಹಾಕಿ, ಆ ಗಂಟನ್ನು ಬಾಗಿಲ ಸಂದಿಯಲ್ಲಿ ಸಿಕ್ಕಿಸಿ, ಬ್ಯಾಂಡನ್ನು ಪಟ್ಟಿಯೊಳಗೆ ತೂರಿಸಿ.

ಡೊಂಬಿವಲಿ ಅಕ್ಕ

ಗೋಡೆಯ ಮೇಲೆ ಪೆನ್ಸಿಲ್ ಗುರುತು ಹಾಕಲು ಶುರು ಮಾಡಿದ್ದೇನೆ. ಇಂಜೆಕ್ಷನ್‌ಗೆ ಮುಂದಿನ ವಾರ ಸಕ್ಕರೆಯ ಡಾಕ್ಟರನ್ನು ಕೇಳಿ ದಿನ ಗೊತ್ತು ಮಾಡುತ್ತೇನೆ. ನೋವಿನ ಹಂತ ಮುಗಿದ ಮೇಲೆ ಬ್ಯಾಂಡ್ ಯಾವಾಗ ಅಂತ ಇಲ್ಲೇ ಬಂದು ಕೇಳುತ್ತೇನೆ.